ಬಸ್ಯಾ, ಬಸ್ಸಿ ಮತ್ತು ಒಂದು ‘ಬರ್ತೀನಿ’

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ನಮ್ಮ ಶಾಲೆ ಮುಂದಿನ ಬೋರ್ಡಿನ ಮೇಲಿದ್ದ ಇಬ್ಬರು ಮಕ್ಕಳು ಮೊದಲ ಸಲ ಓಡಿದರು.

ಸುಳ್ಳಲ್ಲ. ಕೆಂಪು ತ್ರಿಕೋನ, ಅದರೊಳಗೆ ಬ್ಯಾಗ್ ಹಿಡಿದ ಒಬ್ಬ ಹುಡುಗ, ಒಬ್ಬಳು ಹುಡುಗಿ. ನೀವೂ ನಿಮ್ಮೂರಲ್ಲಿ ನೋಡಿರುತ್ತೀರಿ. ನೋಡಿ ಮರೆತೂ ಇರುತ್ತೀರಿ. ನಮ್ಮ ಹುಣಸೇಕಟ್ಟೆ ಕ್ರಾಸಿನ ಜೋಡಿ ಮಾತ್ರ ಅವತ್ತು ಮೈಮುರಿದು ಎದ್ದು, ತ್ರಿಕೋನದ ಎಡಮೂಲೆಯಿಂದ ಬಲಮೂಲೆಗೆ ದಡದಡ ಓಡಿತು. ದಾವಣಗೆರೆ ಕಡೆಯಿಂದ ಬರುತ್ತಿದ್ದ ಹಾಲಿನ ಟ್ಯಾಂಕರ್ ಕಿರ್ರೆಂದು ನಿಂತಿತು. ಅದರ ಮುಂದೆ ಎರಡನೇ ಕ್ಲಾಸಿನ ಒಂದು ಪುಟಾಣಿ ನೀರಿನ ಬಾಟಲಿ ಬೀಸಿಕೊಂಡು, ಏನೂ ಆಗಿಲ್ಲವೆಂಬಂತೆ ದಾಟಿ ಹೋಯಿತು.

ಡ್ರೈವರ್ ಕೆಳಗಿಳಿದ. ಬೋರ್ಡನ್ನು ಮೇಲಿಂದ ಕೆಳಗೆ ನೋಡಿದ. ಚಪ್ಪಲಿ ಬಿಟ್ಟು ಕೈಮುಗಿದ.

“ದೇವ್ರಲ್ಲ ಅಣ್ಣಾ, ಬೋರ್ಡು!” ಎಂದು ಕೂಗಿದೆ.

“ಯಾವ್ದಾದ್ರೂ ಆಗ್ಲಿ ಬಿಡವ್ವ. ಬ್ರೇಕ್ ಹಾಕಿಸ್ತಲ್ಲ!”

ಇದು ಬೋರ್ಡಿನ ಎಂಟ್ರಿ ಸೀನ್. ಇನ್ನು ನನ್ನದು. ಹೆಸರು ದಾಕ್ಷಾಯಿಣಿ, ಊರಿಗೆಲ್ಲ ದಾಕ್ಷಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ. ಹೀರೊ ದನಿ, ವಿಲನ್ ದನಿ, ಹೀರೊಯಿನ್ ಅಪ್ಪನ ದನಿ, ಎಲ್ಲ ನನ್ನ ಗಂಟಲಲ್ಲೇ ಬಾಡಿಗೆಗಿವೆ. ಇದೇ ಶಾಲೆಯಲ್ಲಿ ಓದುವಾಗ ಹೆಡ್‌ಮೇಷ್ಟ್ರ ದನಿಯಲ್ಲಿ “ಇಂದು ಅರ್ಧ ದಿನ ರಜೆ” ಎಂದು ಮೈಕಿನಲ್ಲಿ ಹೇಳಿ, ಐದು ನಿಮಿಷದಲ್ಲಿ ಶಾಲೆ ಖಾಲಿ ಮಾಡಿಸಿದ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಇಲ್ಲಿದ್ದ ಹಳೇ ತಗಡು ಬೋರ್ಡಿನ ಮಕ್ಕಳಿಗೆ ಮೀಸೆ ಬರೆದವಳೂ ನಾನೇ. ಹುಡುಗಿಗೂ ಬರೆದಿದ್ದೆ. ಎರಡು ವರ್ಷವಾದರೂ ಒಬ್ಬರೂ ಗಮನಿಸಲಿಲ್ಲ.

ಈ ಮೀಸೆಯ ಕಥೆಯೇ ನನಗೆ ಕೆಲಸ ಕೊಡಿಸಿತು. ಕಾಲೇಜಿಗೆ ಬಂದಿದ್ದ ರಸ್ತೆ ಸುರಕ್ಷತೆಯ ಸಂಶೋಧಕಿ ಡಾಕ್ಟರ್ ಮೈಥಿಲಿ ಹೆಬ್ಬಾರ್ ಮೇಡಂ, “ರಸ್ತೆ ಫಲಕಗಳನ್ನು ಜನ ಯಾಕೆ ನೋಡುವುದಿಲ್ಲ?” ಎಂದು ಕೇಳಿದರು. ಎಲ್ಲರೂ ಏನೇನೋ ಪುಸ್ತಕದ ಉತ್ತರ ಕೊಟ್ಟರು. ನಾನು ಮೀಸೆಯ ಕಥೆ ಹೇಳಿದೆ. ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು:

“ಅದೇ ಮಾರಾಯ್ತಿ ವಿಷಯ. ದಿನಾ ಒಂದೇ ಥರ ಇರೋದನ್ನ ಮೆದುಳು ಕಾಣೋದೇ ಬಿಟ್ಟುಬಿಡ್ತದೆ. ಬೋರ್ಡ್ ಇರ್ತದೆ, ಕಣ್ಣಿಗೆ ಇರೋದಿಲ್ಲ. ಹಾಗಾದ್ರೆ ಮಗು ದಾಟುವಾಗ ಮಾತ್ರ ಎಚ್ಚರ ಆಗೋ ಬೋರ್ಡ್ ಇದ್ರೆ? ದಾಟುವಾಗಲೂ ಅಲ್ಲ, ಮಗು ಕಾಲು ಎತ್ತುವ ಮೂರು ಸೆಕೆಂಡ್ ಮೊದಲೇ?”

ಐವತ್ತರ ವೇಗದಲ್ಲಿ ಬರುವ ಲಾರಿ ಮೂರು ಸೆಕೆಂಡಿನಲ್ಲಿ ನಲವತ್ತು ಮೀಟರ್ ಓಡುತ್ತದೆ. ಅಷ್ಟು ಜಾಗ ಸಿಕ್ಕರೆ ಲಾರಿ ನಿಲ್ಲುತ್ತದೆ. ಸಿಗದಿದ್ದರೆ ಏನಾಗುತ್ತದೆಂದು ನಮ್ಮೂರಿಗೆ ಗೊತ್ತು. ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ನನ್ನ ಪಕ್ಕದ ಬೆಂಚಿನ ಶಾಹಿನಾಗೆ ಟೆಂಪೋ ಬಡಿಯಿತು. ಅವಳು ಬದುಕಿದಳು. ಶಾಲೆಗೆ ಮಾತ್ರ ಮತ್ತೆ ಬರಲಿಲ್ಲ.

ಹೊಸ ಬೋರ್ಡಿನ ಕೆಲಸ ಹೀಗೆ. ಮಕ್ಕಳ ಚಿತ್ರ ಬಣ್ಣದ್ದಲ್ಲ, ಸಾಸಿವೆ ಕಾಳಿನಷ್ಟು ಸಣ್ಣ ಸಾವಿರಾರು ದೀಪಗಳದ್ದು. ಕಂಬದ ಮೇಲೆ ಎರಡು ಕ್ಯಾಮೆರಾ. ರಸ್ತೆ ಅಂಚಿನಲ್ಲಿ ನಿಂತವರ ಹಿಮ್ಮಡಿ, ಭುಜ, ಮುಖ ಯಾವ ಕಡೆ ತಿರುಗಿವೆ ಎಂದು ಅವು ನೋಡುತ್ತವೆ. ಆದರೆ ನಮ್ಮ ಮಕ್ಕಳು ಸುಮ್ಮನೆ ನಿಲ್ಲುವ ಜಾತಿಯೇ? ಕುಣಿಯುತ್ತವೆ, ತಳ್ಳಾಡುತ್ತವೆ, ಒಂದು ಕಾಲು ರಸ್ತೆಗಿಟ್ಟು ವಾಪಸ್ ತೆಗೆಯುತ್ತವೆ. ಪ್ರತಿ ಕುಣಿತಕ್ಕೂ ಬೋರ್ಡ್ ಓಡಿದರೆ ಡ್ರೈವರುಗಳು ಇದಕ್ಕೂ ಒಗ್ಗಿಹೋಗುತ್ತಾರೆ. ಅದಕ್ಕೇ ಮೇಡಂ ಕಿವಿಯನ್ನೂ ಇಟ್ಟರು. ಅಂಚಿನಲ್ಲಿ ನಿಂತವರ ಮಾತು ಕೇಳುವ ಪುಟ್ಟ ಮೈಕುಗಳು. ಕಾಲು ಅನುಮಾನ ಹುಟ್ಟಿಸಿದರೆ ಮಾತು ತೀರ್ಪು ಕೊಡುತ್ತದೆ.

ಮಕ್ಕಳು ಎರಡೇ ದಿನದಲ್ಲಿ ಆ ಜೋಡಿಗೆ ಬಸ್ಯಾ, ಬಸ್ಸಿ ಎಂದು ಹೆಸರಿಟ್ಟರು.

ಎಲ್ಲ ಹಬ್ಬದ ಹಾಗಿತ್ತು, ಒಂದು ಷರತ್ತಿನ ಹೊರತಾಗಿ. ಆ ಷರತ್ತಿನ ಹೆಸರು ಹೆದ್ದಾರಿ ಇಲಾಖೆಯ ಎಂಜಿನಿಯರ್ ಇಂಗಳಗಿ ಸಾಹೇಬರು. ಧಾರವಾಡದ ಕಡೆಯವರು, ಕಿವಿಗೆ ಫೋನು ಅಂಟಿಸಿಕೊಂಡೇ ಹುಟ್ಟಿದವರು. ಮೊದಲ ದಿನವೇ ಬಂದು ರಸ್ತೆ ನಡುವಿನ ಡಿವೈಡರ್ ತೋರಿಸಿ ಹೇಳಿದರು:

“ನೋಡ್ರಿ ಮೇಡಂ, ಈ ಗ್ಯಾಪ್ ಮುಚ್ಚಿದ್ರ ಆಕ್ಸಿಡೆಂಟ್ ಝೀರೊ. ಎರಡೂವರೆ ಕಿಲೋಮೀಟರ್ ಮುಂದ ಅಂಡರ್‌ಪಾಸ್ ಐತಿ. ನಿಮಗ ಹದಿನೈದು ಶಾಲೆ ದಿನ ಕೊಡ್ತೀನಿ. ಕಡೀ ದಿನ ನಾನ ಬಂದು ನಿಂದರ್ತೀನಿ. ನಿಮ್ಮ ಬೋರ್ಡ್ ಒಂದ ಒಂದು ಮಗೂನ್ನ ನೋಡ್ದ ಬಿಟ್ರೂ ಮರುದಿನ ಕಾಂಕ್ರೀಟ್ ಬರ್ತೈತಿ.”

ಶಾಲೆ ರಸ್ತೆಯ ಈ ಕಡೆ. ನಮ್ಮ ಆಶ್ರಯ ಕಾಲೋನಿ ಆ ಕಡೆ. ಗ್ಯಾಪ್ ಮುಚ್ಚಿದರೆ ಎರಡೂವರೆ ಹೋಗುತ್ತಾ, ಎರಡೂವರೆ ಬರುತ್ತಾ. ಗಂಡುಮಕ್ಕಳು ಡಿವೈಡರ್ ಹಾರುತ್ತಾರೆ. ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಆರನೇ ಕ್ಲಾಸಿನ ನನ್ನ ತಂಗಿ ಚುಕ್ಕಿಯೂ ಸೇರಿ.

ಇನ್ನೊಬ್ಬರು ಕೊಟ್ರಜ್ಜಿ. ಬಿಸಿಯೂಟದ ಅಡುಗೆಯವರು. ಶಾಹಿನಾಗೆ ಹಾಗಾದ ಮರುದಿನದಿಂದ ಬೆಳಿಗ್ಗೆ, ಸಂಜೆ ಸಾಂಬಾರ್ ಪಾತ್ರೆಯ ದೊಡ್ಡ ಮುಚ್ಚಳ ಹಿಡಿದು ರಸ್ತೆ ನಡುವೆ ನಿಂತು ಲಾರಿ ನಿಲ್ಲಿಸುತ್ತಿದ್ದರು. ಪರೀಕ್ಷೆ ಬೋರ್ಡಿಗೆ ಮಾತ್ರ ಎಂದು ಸಾಹೇಬರು ಅವರನ್ನು ರಸ್ತೆಯಿಂದ ಇಳಿಸಿ ಶಾಲೆ ಗೇಟಿನ ಪಕ್ಕ ನಿಲ್ಲಿಸಿದರು.

“ಆರು ವರ್ಷ ಈ ಮುಚ್ಚಳಕ್ಕೆ ಹೆದ್ರಿದ ಲಾರಿಗಳು ಆ ದೀಪದ ಗೊಂಬೆಗೆ ಹೆದರ್ತಾವೇನೇ ತರ್ಲೆ?” ಎಂದು ಅಜ್ಜಿ ನನ್ನನ್ನೇ ಗದರಿದರು.

“ಅಜ್ಜೀ, ನಿನ್ನ ಮುಚ್ಚಳ ಕಂಡ್ರೆ ಸಾಂಬಾರೇ ಹೆದರ್ತೈತೆ, ಲಾರಿ ಯಾವ ಲೆಕ್ಕ!”

ಮುಚ್ಚಳ ನನ್ನ ಕಡೆ ಬೀಸಿತು. ತಪ್ಪಿಸಿಕೊಂಡೆ.

ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯೇ ನಮ್ಮ ಕಂಟ್ರೋಲ್ ರೂಮ್. ಮೂಟೆಗಳ ಮೇಲೆ ಎರಡು ಸ್ಕ್ರೀನ್, ಮೂಟೆಯ ಮೇಲೆ ಮೇಡಂ, ಮೂಟೆಯ ಕೆಳಗೆ ಇಲಿ. ಯಾರಾದರೂ ಅಂಚಿಗೆ ಬಂದರೆ ಸ್ಕ್ರೀನಿನ ಮೇಲೆ ಅವರ ಸುತ್ತ ಒಂದು ಚೌಕ ಮೂಡುತ್ತದೆ. ‘ಉಳಿಯುವವರು’ ಎಂದರೆ ಹಸಿರು, ‘ದಾಟುವವರು’ ಎಂದರೆ ಕೆಂಪು. ಕೆಂಪಾದ ತಕ್ಷಣ ಬಸ್ಯಾ, ಬಸ್ಸಿ ಓಟ.

ಐದನೇ ದಿನ ನನಗೆ ಕೈ ತುರಿಸಿತು. ಬಸ್ಯಾ, ಬಸ್ಸಿ ಮೂಕಿ ಸಿನಿಮಾದವರ ಥರ ಓಡುವುದು ನೋಡಲಾಗಲಿಲ್ಲ. ಕಂಬಕ್ಕೆ ಒಂದು ಸ್ಪೀಕರ್ ಕಟ್ಟಿ ನನ್ನ ಹೀರೊ ದನಿ ತುಂಬಿದೆ. ನಾಲ್ಕು ಗಂಟೆಗೆ ಮಕ್ಕಳು ಬಿಟ್ಟರು, ಜಲ್ಲಿ ತುಂಬಿದ ಟಿಪ್ಪರ್ ಬಂತು, ಬೋರ್ಡ್ ಗುಡುಗಿತು:

“ಲೇ ಟಿಪ್ಪರ್! ನಿನ್ನ ಕಾಲ್ ಕೆಳಗೆ ಎಕ್ಸಲರೇಟರ್ ಐತೆ. ನನ್ನ ಕಾಲ್ ಕೆಳಗೆ ಈ ಊರೇ ಐತೆ. ಯಾವ್ದು ದೊಡ್ಡದು, ನೀನೇ ಹೇಳು!”

ಟಿಪ್ಪರ್ ನಿಂತಿತು. ಹಿಂದಿನ ಟ್ರ್ಯಾಕ್ಟರ್ ನಿಂತಿತು. ಅದರ ಹಿಂದಿನ ಬಸ್ಸಿನಿಂದ ಜನ ಇಳಿದು ಶಿಳ್ಳೆ ಹೊಡೆದರು. “ಒನ್ಸ್ ಮೋರ್!” ಎಂದು ಯಾರೋ ಕೂಗಿದರು. ಟ್ರ್ಯಾಕ್ಟರಿನವನು ಡೈಲಾಗ್ ಮತ್ತೆ ಕೇಳಲು ಗಾಡಿಯನ್ನು ಹಿಂದಕ್ಕೆ ತೆಗೆದ. ಅರ್ಧ ಗಂಟೆ ರಸ್ತೆ ಜಾಮ್.

“ದಾಕ್ಷಾಯಿಣಿ!” ಮೇಡಂ ಪೂರ್ತಿ ಹೆಸರು ಹಿಡಿದು ಕರೆದರೆ ನನ್ನ ಇಂಟರ್ವಲ್ ಬಂತೆಂದೇ ಅರ್ಥ. “ಇದು ಪ್ರಯೋಗ, ಟಾಕೀಸಲ್ಲ. ಎಲ್ಲಾ ಡೈಲಾಗ್ ಅಳಿಸು. ಈಗಲೇ.”

ಅಳಿಸಿದೆ. ಸ್ಪೀಕರ್ ಮಾತ್ರ ಕಂಬದ ಮೇಲೆಯೇ ಉಳಿಯಿತು. ಇಳಿಸಲು ಏಣಿ ಸಿಗಲಿಲ್ಲ ಎಂದೆ. ಅರ್ಧ ನಿಜ.

ಹನ್ನೆರಡನೇ ದಿನ ಶನಿವಾರ, ಬೆಳಗಿನ ಶಾಲೆ. ಹನ್ನೊಂದೂವರೆಗೆ ಎಲ್ಲ ಮಕ್ಕಳೂ ದಾಟಿಯಾಗಿತ್ತು. ಚುಕ್ಕಿ ಒಬ್ಬಳೇ ಕ್ಲಾಸಿನ ಕರಿಹಲಗೆ ಒರೆಸಿ ತಡವಾಗಿ ಬಂದಳು. ಅವಳು ನನ್ನ ತಂಗಿಯೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಅಷ್ಟು ಮರ್ಯಾದಸ್ಥೆ. ಕೋಣೆಯ ಸ್ಕ್ರೀನಿನಲ್ಲಿ ನಾನು ನೋಡುತ್ತಿದ್ದೆ. ಗೇಟಿನ ಹತ್ತಿರ ಕೊಟ್ರಜ್ಜಿಯ ಕಡೆ ಮುಖ ಮಾಡಿ ಏನೋ ಹೇಳಿದಳು. ಚೌಕ ಹಸಿರಾಯಿತು. ಗಟ್ಟಿ ಹಸಿರು. ತಿರುಗಿದಳು. ಇನ್ನೂ ಹಸಿರು. ರಸ್ತೆಗೆ ಕಾಲಿಟ್ಟಳು.

ಹಸಿರು.

ಬಸ್ಯಾ, ಬಸ್ಸಿ ಮಲಗಿದ್ದರು. ಮೆಕ್ಕೆಜೋಳದ ಲಾರಿ ಬಂತು.

ನಾನು ಮೂಟೆ ಹಾರಿ ಓಡಿದೆ. ಹೊರಗೆ ಬರುವಷ್ಟರಲ್ಲಿ ಢಣ್ ಎಂಬ ಸದ್ದು. ಕೊಟ್ರಜ್ಜಿ ಮುಚ್ಚಳವನ್ನು ಲಾರಿಯ ಮುಂದೆ ಎಸೆದಿದ್ದರು. ಅದು ಟಾರಿನ ಮೇಲೆ ಬಿದ್ದು, ಉರುಳಿ, ಚಕ್ರದಡಿ ಸಿಕ್ಕಿ ಮಡಚಿತ್ತು. ಲಾರಿ ಓರೆಯಾಗಿ ನಿಂತಿತ್ತು. ಚುಕ್ಕಿ ಡಿವೈಡರ್ ಮೇಲೆ ಮೊಣಕಾಲು ತರಚಿಕೊಂಡು ಕೂತಿದ್ದಳು.

ಕೋಣೆಗೆ ಬಂದು ಮೇಡಂ ದಾಖಲೆ ತಿರುವಿದರು. ಸ್ಕ್ರೀನಿನ ಮೇಲಿನ ತೀರ್ಪು: ‘ಉಳಿಯುವವಳು, ನೂರಕ್ಕೆ ತೊಂಬತ್ತೇಳು.’

“ಇಷ್ಟು ಖಚಿತವಾಗಿ ತಪ್ಪುವುದೆಂದರೆ?” ಮೇಡಂ ಹಣೆ ಒತ್ತಿಕೊಂಡರು. “ಅನುಮಾನ ಬಂದಿದ್ರೆ ಬೇರೆ. ಇದಕ್ಕೆ ಅನುಮಾನವೇ ಬರ್ಲಿಲ್ಲ ಮಾರಾಯ್ತಿ. ಹಿಂದೆಯೂ ಎರಡು ಸಲ ಹೀಗಾಗಿದೆ, ಗಾಡಿ ಬರ್ಲಿಲ್ಲಾಂತ ಗೊತ್ತಾಗ್ಲಿಲ್ಲ ಅಷ್ಟೆ. ಮೂವರೂ ಒಳ್ಳೇ ಮಕ್ಕಳು. ತಳ್ಳಾಡುವವರಲ್ಲ, ಓಡುವವರಲ್ಲ.”

“ಸಾಹೇಬ್ರಿಗೆ ಹೇಳ್ತೀರಾ?”

“ಬುಧವಾರ ಅವರೇ ಬರ್ತಾರಲ್ಲ. ಅಷ್ಟರಲ್ಲಿ ಕಾರಣ ಸಿಗದಿದ್ರೆ ನಾನೇ ಬೋರ್ಡ್ ಬಿಚ್ತೇನೆ. ಸುಳ್ಳು ಧೈರ್ಯ ಕೊಡುವ ಬೋರ್ಡಿಗಿಂತ ಅಜ್ಜಿಯ ಮುಚ್ಚಳ ವಾಸಿ.”

ಮನೆಯಲ್ಲಿ ಅವ್ವ ಚುಕ್ಕಿಯ ಮೊಣಕಾಲಿಗೆ ಅರಿಶಿಣ ಹಚ್ಚುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

“ಸೋಮವಾರದಿಂದ ಇವಳು ಶಾಲೆಗೆ ಹೋಗೋದು ಬ್ಯಾಡ.”

“ಅವ್ವಾ, ಇನ್ನು ಮೂರೇ ದಿನ...”

“ನಿನ್ನ ಬೋರ್ಡಿಗೆ ಮೂರು ದಿನ. ನನಗೆ ಇರೋರು ಇಬ್ಬರೇ ಮಕ್ಳು. ಅದ್ರಾಗೆ ಒಬ್ಬಾಕಿ ನೀನು, ಲೆಕ್ಕಕ್ಕಿಲ್ಲ.”

ಚುಕ್ಕಿ ಅಳುತ್ತಿದ್ದಳು. ಮೊಣಕಾಲಿಗಲ್ಲ, ಶಾಲೆಗೆ. ನನಗೆ ರೇಗಿತು, ನನ್ನ ಮೇಲೆಯೇ. ಚಪ್ಪಲಿ ಮೆಟ್ಟಿದೆ.

“ನಾನು ಹೋಗ್ತೀನಿ.”

ಅವ್ವ ಅರಿಶಿಣದ ಕೈಯಲ್ಲೇ ಎದ್ದಳು. “ಏನಂದೆ? ಇಂಥ ದಿನ ಹೊಸ್ತಿಲ ಮೇಲೆ ನಿಂತು ‘ಹೋಗ್ತೀನಿ’ ಅಂತೀಯಾ? ಎಷ್ಟು ಸಲ ಹೇಳ್ಬೇಕು, ‘ಬರ್ತೀನಿ’ ಅನ್ಬೇಕು ಅಂತ! ಹೋಗ್ತೀನಿ ಅಂದೋರು ವಾಪಸ್ ಬರಂಗಿಲ್ಲ. ಚುಕ್ಕೀನ ನೋಡಿ ಕಲಿ.”

ಚುಕ್ಕಿ ಮೂಗು ಒರೆಸಿಕೊಂಡಳು. “ಹೌದಕ್ಕ. ನಾನು ಕೊಟ್ರಜ್ಜಿಗೆ ‘ಬರ್ತೀನಜ್ಜಿ’ ಅಂತ ಹೇಳೇ ಹೊಂಟಿದ್ದೆ.”

ನಾನು ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತೆ. ತಲೆಯೊಳಗೆ ಯಾರೋ ಹಿನ್ನೆಲೆ ಸಂಗೀತ ಶುರು ಮಾಡಿದರು.

“ಏನಂದೆ? ಇನ್ನೊಂದ್ ಸಲ ಹೇಳು.”

“ಬರ್ತೀನಿ ಅಂದೆ.”

“ಬರ್ತೀನಿ ಅಂದು ಎಲ್ಲಿಗೆ ಹೋದೆ?”

“ಮನೆಗೆ. ಇನ್ನೆಲ್ಲಿಗೆ?”

“ಚುಕ್ಕೀ, ನೀನು ಬಂಗಾರ!” ಅವಳ ಕೆನ್ನೆಗೊಂದು ಮುತ್ತು ಕೊಟ್ಟು, ಅವ್ವನ ಕೈಯ ಅರಿಶಿಣವನ್ನು ನನ್ನ ಮೂಗಿಗೂ ಮೆತ್ತಿಸಿಕೊಂಡು, “ಬರ್ತೀನೀ!” ಎಂದು ಕಿರುಚಿ ಓಡಿದೆ. ಜೀವನದಲ್ಲಿ ಮೊದಲ ಸಲ ಸರಿಯಾಗಿ ಹೇಳಿದ್ದು.

ಮೇಡಂ ಇನ್ನೂ ಮೂಟೆಯ ಮೇಲೆಯೇ ಇದ್ದರು.

“ಮೇಡಂ, ಬರ್ತೀನಿ ಅಂದ್ರೆ ಏನು?”

“ಎಂತದು? ಬರ್ತೇನೆ ಅಂದ್ರೆ ಬರ್ತೇನೆ. ಈ ಕಡೆಗೆ.”

“ನೀವು ನಿನ್ನೆ ಸಂಜೆ ಹೆಡ್‌ಮೇಷ್ಟ್ರಿಗೆ ಏನು ಹೇಳಿ ಹೊರಟ್ರಿ?”

“ಬರ್ತೇನೆ ಸರ್ ಅಂ...” ಮೇಡಂ ಬಾಯಿ ತೆರೆದೇ ಉಳಿಯಿತು.

ಬೋರ್ಡಿಗೆ ಕನ್ನಡ ಕಲಿಸಿದ್ದು ನಿಘಂಟಿನಿಂದ, ಪಾಠದಿಂದ, ಸುದ್ದಿಯಿಂದ. ಅಲ್ಲೆಲ್ಲ ‘ಬರುತ್ತೇನೆ’ ಎಂದರೆ ಕೇಳುವವನ ಕಡೆಗೆ ಬರುವುದು. ಮುಖ ಶಾಲೆಯ ಕಡೆ, ಮಾತು ‘ಬರ್ತೀನಿ’, ಕೇಳುವವರು ಶಾಲೆಯ ಕಡೆ. ಇನ್ನೇನು, ಈ ಹುಡುಗಿ ಉಳಿಯುತ್ತಾಳೆ ಎಂದು ಬೋರ್ಡ್ ನಿದ್ದೆ ಹೋಯಿತು. ಹೇಳದೆ ಕೇಳದೆ ಓಡುವ ನನ್ನಂಥ ತರಲೆಗಳಿಗೆ ಪೂರ್ತಿ ರಕ್ಷಣೆ. ಅಜ್ಜಿಗೆ ಹೇಳಿ ಹೊರಡುವ ಮರ್ಯಾದೆಯ ಮಕ್ಕಳಿಗೆ ಲಾರಿ!

“ನಾನೂ ದಿನಾ ಹೇಳ್ತೇನೆ,” ಮೇಡಂ ಮೆಲ್ಲಗೆ ಹೇಳಿದರು. “ಐವತ್ತೆರಡು ವರ್ಷದಿಂದ ಹೇಳ್ತಿದ್ದೇನೆ. ಆದ್ರೂ ಹೊಳೀಲಿಲ್ಲ. ಕೇಳಿ ಕೇಳಿ ಕಿವಿ ಅದನ್ನು ಕೇಳುವುದೇ ಬಿಟ್ಟಿದೆ.”

“ಮೀಸೆ ಬಂದ ಬೋರ್ಡ್ ಥರ,” ಎಂದೆ.

“‘ಬರ್ತೇನೆ’ ಅಂದ ತಕ್ಷಣ ಓಡು ಅಂತ ಬದಲಿಸಿದ್ರೆ?”

“ಆಗಲ್ಲ ಮೇಡಂ. ‘ಬಾರೋ ಊಟಕ್ಕೆ’ ಅಂದಾಗ ‘ಬರ್ತೀನಿ ತಡೀ’ ಅಂದ್ರೆ ನಿಜವಾಗ್ಲೂ ಬರೋದು. ಎರಡೂ ಒಂದೇ ಮಾತು.”

ಎರಡರ ವ್ಯತ್ಯಾಸ ಬೋರ್ಡಿಗೆ ಕಲಿಸಬೇಕು. ಅದಕ್ಕೆ ನೂರಾರು ನಿಜವಾದ ‘ಬರ್ತೀನಿ’ ಬೇಕು. ಕೈಯಲ್ಲಿದ್ದದ್ದು ಒಂದು ಭಾನುವಾರ.

ಬೆಳಿಗ್ಗೆ ಕಾಲೋನಿಯ ಕಟ್ಟೆಯ ಮೇಲೆ ಶೂಟಿಂಗ್ ಶುರು ಮಾಡಿದೆ. ಫೋನಿನ ರೆಕಾರ್ಡರ್ ಹಿಡಿದು “ಆಕ್ಷನ್!” ಎಂದೆ. ಪಕ್ಕದ ಮನೆ ಗಿರಿಜಕ್ಕ ಸೆರಗು ಸರಿಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, “ಬರ್... ತೀ... ನೀ...” ಎಂದಳು, ಜೈಲಿಗೆ ಹೊರಟವಳ ಹಾಗೆ.

“ಅಕ್ಕಾ, ಅವಾರ್ಡ್ ಬೇರೆ ದಿನ ತಗೊಳ್ಳಾಣ. ಮಾಮೂಲಿ ಹೇಳು.”

“ಸುಮ್ ಸುಮ್ನೆ ಹೆಂಗೆ ಹೇಳ್ಲೇ? ಎಲ್ಲಿಗಾದ್ರೂ ಹೊಂಟಿದ್ರೆ ಬಾಯಾಗೆ ತಾನಾಗೇ ಬರ್ತೈತೆ.”

ಸರಿಯಾದ ಮಾತು. ನಟಿಸಿದರೆ ಆಗದು, ನಿಜವಾಗಿಯೇ ಹೊರಡಬೇಕು. ಹಾಗಾಗಿ ನಾನು, ಮೇಡಂ, ಗಿರಿಜಕ್ಕ ಮೂವರೂ ಮನೆ ಮನೆಗೆ ಹೋದೆವು. ವಿಷಯ ತಿಳಿಸಿ, ಒಪ್ಪಿಗೆ ಕೇಳಿ, ಕೂತು, ಟೀ ಕುಡಿದು, ಹೊರಟೆವು. ಮೂವತ್ತೆಂಟು ಮನೆ, ಮೂವತ್ತೆಂಟು ಟೀ. ಇಪ್ಪತ್ತನೇ ಮನೆಯಿಂದ ಮೇಡಂ ಬರೀ ಕುಂಕುಮ ತಗೊಂಡರು. ಹಣೆ ತುಂಬಿ ಅವರೂ ಕೆಂಪು ಚೌಕದ ಹಾಗೆ ಕಾಣತೊಡಗಿದರು.

ಸಂಜೆ ಕೂತು ಕೇಳಿದಾಗ ಹೊಸ ಪೀಕಲಾಟ ಗೊತ್ತಾಯಿತು. ನಮ್ಮವರು ‘ಬರ್ತೀನಿ’ ಎಂದು ಒಂದೇ ಸಲ ಹೇಳುವುದಿಲ್ಲ! ಏಳುವಾಗ ಒಂದು. ಬಾಗಿಲಲ್ಲಿ ಒಂದು, ಆಮೇಲೆ ಕಾಲು ಗಂಟೆ ಮಾತು. ಮೆಟ್ಟಿಲ ಮೇಲೆ ಇನ್ನೊಂದು, ಆಮೇಲೆ ಯಾರದೋ ಸೊಸೆಯ ಸುದ್ದಿ. ಗೇಟಿನಲ್ಲಿ ಮತ್ತೊಂದು.

“ಯಾವ ಬರ್ತೇನೆಗೆ ಇವರು ನಿಜವಾಗಿ ಹೋಗ್ತಾರೆ ಮಾರಾಯ್ತಿ?” ಮೇಡಂ ತಲೆ ಹಿಡಿದುಕೊಂಡರು.

ನಾನು ಕಣ್ಣು ಮುಚ್ಚಿ ಕೇಳಿದೆ. ಮಿಮಿಕ್ರಿ ಮಾಡುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ: ಡೈಲಾಗ್ ಹೇಳುವವನಿಗಿಂತ ಎದುರು ನಿಂತವನನ್ನು ಕೇಳಬೇಕು. ಗಿರಿಜಕ್ಕ “ಬರ್ತೀನಿ” ಎಂದಳು. ಮನೆಯಾಕೆ “ಅಯ್ಯೋ ಇರು” ಎಂದಳು. ಹೋಗಲಿಲ್ಲ. “ಬರ್ತೀನಿ.” “ಅಂದಂಗೆ ಅವಳ ವಿಷ್ಯ...” ಹೋಗಲಿಲ್ಲ. “ಬರ್ತೀನಿ.” “ಹೂಂ, ಹೋಗ್ ಬಾ.”

ಚಪ್ಪಲಿ ಸದ್ದು.

ಇನ್ನೊಂದು ಮನೆ. “ಹೂಂ, ಹೋಗಿ ಬರ್ರಿ.” ಚಪ್ಪಲಿ ಸದ್ದು. ಇನ್ನೊಂದು. “ಆತು, ಬಾ ಹಂಗಾರೆ.” ಚಪ್ಪಲಿ ಸದ್ದು.

“ಮೇಡಂ!” ಮೂಟೆಯ ಮೇಲೆ ಹಾರಿದೆ. “ಬರ್ತೀನಿ ಅನ್ನೋದು ಬರೀ ಅರ್ಜಿ! ಸಹಿ ಹಾಕೋರು ಎದುರಿನೋರು! ಅವರು ‘ಹೋಗ್ ಬಾ’ ಅನ್ನೋವರೆಗೂ ನಮ್ ಜನ ಕಾಲು ಎತ್ತಲ್ಲ!”

ಮೇಡಂ ಚುಕ್ಕಿಯ ದಾಖಲೆಯನ್ನು ಮತ್ತೆ ಹಾಕಿದರು. “ಬರ್ತೀನಜ್ಜಿ.” ಕೊಟ್ರಜ್ಜಿಯ ದನಿ: “ಹೂಂ, ಹೋಗ್ ಬಾ.” ಅದಾಗಿ ಮೂರೂವರೆ ಸೆಕೆಂಡಿಗೆ ಕಾಲು ರಸ್ತೆಗೆ. ಉಳಿದ ಎರಡು ದಾಖಲೆಗಳಲ್ಲೂ ಹಾಗೆಯೇ. ಬೋರ್ಡ್ ಮಕ್ಕಳ ಮಾತು ಕೇಳುತ್ತಿತ್ತು. ಅಜ್ಜಿಯ ಮಾತನ್ನು ‘ಹಿನ್ನೆಲೆ ಗದ್ದಲ’ ಎಂದು ಬಿಸಾಡುತ್ತಿತ್ತು.

ಸೋಮವಾರ, ಮಂಗಳವಾರ ಕಲಿಸಿದ್ದೇ ಕಲಿಸಿದ್ದು. ಚುಕ್ಕಿಯನ್ನು ಅವ್ವ ಕಳಿಸಲಿಲ್ಲ. ಕಿಟಕಿಯಲ್ಲಿ ಕೂತು ಬಸ್ಯಾ, ಬಸ್ಸಿಗೆ ಕೈ ಬೀಸುತ್ತಿದ್ದಳು.

“ನನ್ನ ದನಿ ಗದ್ದಲ ಅಂತಂತಾ ಅದು?” ಎಂದು ಕೊಟ್ರಜ್ಜಿ ಬೋರ್ಡನ್ನು ದುರುಗುಟ್ಟಿ ನೋಡಿದರು.

“ಈಗ ನೀನೇ ಹೀರೊ ಅಜ್ಜೀ. ನೀನು ಹೇಳಿದ್ರೇನೇ ಓಡ್ತಾವೆ.”

“ಹಂಗಾರೆ ಅವಕ್ಕೂ ಬುದ್ಧಿ ಬಂತು ಅನ್ನು.”

ಬುಧವಾರ ಇಂಗಳಗಿ ಸಾಹೇಬರು ಬೆಳಿಗ್ಗೆ ಎಂಟೂವರೆಗೇ ಬಂದರು. ಗಾಡಿಯನ್ನು ಆ ಕಡೆ ನಿಲ್ಲಿಸಿ ಈ ಕಡೆ ಕುರ್ಚಿ ಹಾಕಿಸಿಕೊಂಡರು. ಒಂದೊಂದು ತಲೆಗೂ ಒಂದೊಂದು ಗೀಟು. ಅವ್ವ ಆ ಕಡೆ ಅಂಚಿನಲ್ಲಿ ಚುಕ್ಕಿಯ ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಕಳಿಸಲು ಅಲ್ಲ, ನೋಡಲು.

ಬೆಳಿಗ್ಗೆ ನೂರಾ ಐವತ್ತೆರಡು ಜನ. ಬಸ್ಯಾ, ಬಸ್ಸಿ ಒಂದು ಸಲವೂ ತಪ್ಪಲಿಲ್ಲ. ಸಂಜೆ ನೂರಾ ಐವತ್ತೆರಡೂ ವಾಪಸ್. “ಬರ್ತೀನಜ್ಜಿ!” “ಹೂಂ, ಹೋಗ್ ಬಾ.” ಓಟ. “ಬರ್ತೀನಜ್ಜಿ!” “ಹೋಗ್ ಬಾರೋ ಶೂರ, ಲೇಸ್ ಕಟ್ಕೋ ಮೊದ್ಲು!” ಬೋರ್ಡ್ ಕಾದಿತು. ಲೇಸ್ ಕಟ್ಟಿದ ಮೇಲೆಯೇ ಓಡಿತು. ಕೋಣೆಯಲ್ಲಿ ನಾನೂ ಮೇಡಂ ಮೂಟೆಗಳನ್ನು ಗುದ್ದಿ ಗುದ್ದಿ ಅಕ್ಕಿ ಚೆಲ್ಲಿದೆವು.

ಕೊನೆಯ ಗೀಟು ಎಳೆದು ಸಾಹೇಬರು ಎದ್ದರು. ನಾವು ಹೊರಗೆ ಓಡಿದೆವು.

“ಚಲೋ ಐತಿ ಮೇಡಂ, ಇಲ್ಲನ್ನಂಗಿಲ್ಲ,” ಎಂದರು. ಎದೆ ಹಗುರಾಯಿತು. “ಆದ್ರ...”

ಈ ‘ಆದ್ರ’ ಇದೆಯಲ್ಲ, ಎಲ್ಲ ಕಥೆಯಲ್ಲೂ ವಿಲನ್ ಅದೇ.

“ಇವತ್ತು ನಾನು ಕುಂತೀನಿ ಅಂತ ಮಕ್ಕಳು ಶಿಸ್ತಿಂದ ದಾಟ್ಯಾರ. ನಾಳೆ ಯಾರರ ಖಬರಿಲ್ದ, ಹಿಂದ ಮುಂದ ನೋಡ್ದ ರಸ್ತೆಕ್ಕ ಇಳಿದ್ರ? ಗ್ಯಾಪ್ ಮುಚ್ಚೂದ ಗ್ಯಾರಂಟಿ ಕೆಲಸ. ನಾ ವಿಚಾರ ಮಾಡಿ...” ಫೋನು ರಿಂಗಾಯಿತು. “ಹಲೋ! ಹಾಂ ಸರ್, ಇಲ್ಲೇ ಸರ್, ಹೊಂಟೆ ಸರ್.” ಫೋನು ಕಿವಿಯಲ್ಲೇ ಇಟ್ಟು ಕೊಟ್ರಜ್ಜಿಯ ಕಡೆ ಮುಖ ಮಾಡಿ ಒಂದು ಕೈ ಎತ್ತಿದರು. “ಬರ್ತೀನ್ರಿ ಯವ್ವಾ.”

ಅಜ್ಜಿಗೆ ಅವರ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು. ಆದರೆ ಬರ್ತೀನಿ ಎಂದವರಿಗೆ ಉತ್ತರ ಕೊಡದೆ ಇರಲು ನಮ್ಮೂರಲ್ಲಿ ಯಾರಿಗೂ ಬರುವುದಿಲ್ಲ.

“ಹೂಂ,” ಎಂದರು ಮುಖ ಊದಿಸಿಕೊಂಡೇ, “ಹೋಗಿ ಬರ್ರಪ್ಪ.”

ಸಾಹೇಬರು “ಸರ್, ಸರ್” ಎನ್ನುತ್ತಾ, ನಮ್ಮ ಕಡೆ ಮುಖ ಮಾಡಿಕೊಂಡೇ, ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಒಂದು. ಎರಡು. ಬೆನ್ನಿಗೆ ರಸ್ತೆ. ಕೂಗಲು ಬಾಯಿ ತೆರೆದೆ. ನನಗಿಂತ ಮುಂಚೆ ಬೋರ್ಡ್ ಕೆಂಪಾಗಿ ಹೊತ್ತಿಕೊಂಡಿತು. ಬಸ್ಯಾ, ಬಸ್ಸಿ ಹುಚ್ಚೆದ್ದು ಓಡಿದರು. ಹರಿಹರದ ಕಡೆಯಿಂದ ತುಂಬಿದ ಬಸ್ಸು ಬರುತ್ತಿತ್ತು. ಮತ್ತು ಕಂಬದ ಮೇಲಿನ ಸ್ಪೀಕರ್, ಮೇಡಂ ಅಳಿಸು ಎಂದ ಮೇಲೆ, ಗಾಡಿ ತೀರಾ ಹತ್ತಿರ ಬಂದರೆ ಮಾತ್ರ ಕೂಗಲೆಂದು ನಾನು ಮತ್ತೆ ತುಂಬಿದ್ದ ಒಂದೇ ಒಂದು ಸಾಲನ್ನು, ನನ್ನ ಎದೆಯಾಳದ ಹೀರೊ ದನಿಯಲ್ಲಿ ಗುಡುಗಿತು:

“ಬರ್ತೀನಿ ಅಂದೋರು ಬರಬೇಕಲೇ! ನಿಲ್ಸು ಗಾಡಿ!”

ಬಸ್ಸು ಹಲ್ಲು ಕಡಿದು ನಿಂತಿತು. ಸಾಹೇಬರ ಬೆನ್ನಿಗೂ ಬಸ್ಸಿನ ಮೂತಿಗೂ ನಡುವೆ ಕೊಟ್ರಜ್ಜಿಯ ಮುಚ್ಚಳ ಹಿಡಿಯುವಷ್ಟು ಜಾಗ. ಫೋನಿನೊಳಗಿಂದ ಯಾರೋ “ಇಂಗಳಗಿ? ಇಂಗಳಗಿ?” ಎನ್ನುತ್ತಿದ್ದರು.

ಅವರು ನಿಧಾನವಾಗಿ ತಿರುಗಿ ಬಸ್ಸನ್ನು ನೋಡಿದರು. ಆಮೇಲೆ ಬೋರ್ಡನ್ನು. ಆಮೇಲೆ ತಮ್ಮ ಕಾಲನ್ನು.

“ಖಬರಿಲ್ದ ಇಳಿಯೋರು,” ಕೊಟ್ರಜ್ಜಿ ಶಾಂತವಾಗಿ ಹೇಳಿದರು, “ಮಕ್ಳೇ ಆಗ್ಬೇಕಂತಿಲ್ಲಪ್ಪ.”

ಸಾಹೇಬರು ಫೋನ್ ಆಫ್ ಮಾಡಿದರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುರ್ಚಿಗೆ ವಾಪಸ್ ಬಂದು ಹಾಳೆ ತೆಗೆದು, ನೂರಾ ಐವತ್ತೆರಡರ ಕೆಳಗೆ ಇನ್ನೊಂದು ಗೀಟು ಎಳೆದರು. ಅದರ ಕೆಳಗೆ ಬರೆದದ್ದನ್ನು ನಾನು ತಲೆಕೆಳಗಾಗಿ ಓದಿದೆ: ‘ಗ್ಯಾಪ್ ಇರಲಿ. ಫಲಕ ಇರಲಿ. ಅಜ್ಜಿಯೂ ಇರಲಿ.’

ಮೇಡಂ ನನ್ನ ಕಡೆ ತಿರುಗಿದರು. “ದಾಕ್ಷಾಯಿಣಿ. ಎಲ್ಲಾ ಡೈಲಾಗ್ ಅಳಿಸಿದ್ದೇನೆ ಅಂದಿದ್ದೆ ಅಲ್ವಾ?”

“ಅಳಿಸಿದ್ದೆ ಮೇಡಂ. ಇದು ಹೊಸದು.”

“ಏಣಿ ಸಿಕ್ತಾ?”

“ಇನ್ನೂ ಇಲ್ಲ.”

“ಸಿಗುವುದೂ ಬೇಡ,” ಎಂದು ಮೇಡಂ ಒಳಗೆ ಹೋದರು.

ಆ ಕಡೆ ಅಂಚಿನಲ್ಲಿ ಸಂಜೆಯೂ ಬಂದು ನಿಂತಿದ್ದ ಅವ್ವ ಚುಕ್ಕಿಯ ಕೈ ಬಿಟ್ಟಿದ್ದಳು. ಚುಕ್ಕಿ ಬ್ಯಾಗಿಲ್ಲದೆಯೇ ಶಾಲೆಯ ಕಡೆ ಮುಖ ಮಾಡಿ, ನಾಳೆಯ ತಾಲೀಮು ನಡೆಸುವವಳ ಹಾಗೆ ಕುಣಿಯುತ್ತಿದ್ದಳು. ಬೋರ್ಡ್ ಅವಳನ್ನು ನೋಡಿ ಸುಮ್ಮನಿತ್ತು. ಕುಣಿತ ಬೇರೆ, ದಾಟುವುದು ಬೇರೆ ಎಂದು ಅದಕ್ಕೆ ಗೊತ್ತು.

ನಾನೂ ಮನೆಗೆ ಹೊರಟೆ. ಗೇಟಿನಲ್ಲಿ ಅಜ್ಜಿ ಮಡಚಿದ ಮುಚ್ಚಳವನ್ನು ಕಲ್ಲಿನಿಂದ ಕುಟ್ಟಿ ನೇರ ಮಾಡುತ್ತಿದ್ದರು.

“ಹೋಗ್ತೀನಜ್ಜಿ,” ಎಂದೆ, ಬೇಕೆಂದೇ.

ಮುಚ್ಚಳ ಮೇಲೆದ್ದಿತು.

“ಆತು, ಆತು! ಬರ್ತೀನಜ್ಜಿ.”

ಅಜ್ಜಿ ಕುಟ್ಟುತ್ತಲೇ ಇದ್ದರು. ನಾನು ರಸ್ತೆ ಅಂಚಿನಲ್ಲಿ ಕಾದೆ. ಬೋರ್ಡೂ ಕಾದಿತು. ಒಂದು ಲಾರಿ ಹೋಯಿತು, ಒಂದು ಸ್ಕೂಟರ್ ಹೋಯಿತು.

“ಅಜ್ಜೀ...”

“ಹೂಂ,” ಎಂದರು ತಲೆ ಎತ್ತದೆ. “ಹೋಗ್ ಬಾ.”

ನನ್ನ ತಲೆಯ ಮೇಲೆ ಬಸ್ಯಾ, ಬಸ್ಸಿ ಓಡತೊಡಗಿದರು.